ಒಂದೇ ಪ್ಯಾನೆಲಿನಿಂದ ಕರೆಂಟೂ ಬಿಸಿನೀರೂ: ಶೇ. 80ರ ಲೆಕ್ಕ ಎಷ್ಟು ನಿಜ?

ಸೋಲಾರ್ ಪ್ಯಾನೆಲಿನ ಬೆನ್ನಿಗೆ ನೀರು ಅಥವಾ ಗಾಳಿ ಹರಿಯುವ ಹಾದಿ ಕೂಡಿಸಿ, ಕರೆಂಟಿನ ಜೊತೆಗೆ ಶಾಖವನ್ನೂ ತೆಗೆಯುವ ಸಾಧನಕ್ಕೆ ಪಿವಿಟಿ ಎಂದು ಹೆಸರು. ಇದು ಹೊಸ ವಿಚಾರವೇನೂ ಅಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ 1973ರಲ್ಲಿ ಕಟ್ಟಿದ ‘ಸೋಲಾರ್ ಒನ್’ ಮನೆಯ ಸೂರಿನಲ್ಲೇ ಗಾಳಿ ಹಾಯಿಸುವ ಬಗೆಯ ಪಿವಿಟಿ ಇತ್ತು. ಈಗ ನಮ್ಮ ಊರುಗಳಲ್ಲೂ ಮಾರಾಟಗಾರರು ಇದರ ಮಾತೆತ್ತುತ್ತಿರುವುದರಿಂದ ಓದುಗರ ಪ್ರಶ್ನೆಗಳು ಸಾಕಷ್ಟು ಬಂದಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಮ್ಮದು 30×40 ಸೈಟಿನ ಮನೆ, ತಾರಸಿಯಲ್ಲಿ ಜಾಗ ಕಡಿಮೆ. ಮಾಮೂಲಿ ಪ್ಯಾನೆಲಿನ ದಕ್ಷತೆ ಶೇ. 21, ಪಿವಿಟಿಯದು ಶೇ. 80 ಎನ್ನುತ್ತಾರೆ. ಹಾಗಾದರೆ ಸುಮಾರು ನಾಲ್ಕು ಪಟ್ಟು ಲಾಭವೆ?
— ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ಅಂಕಿ ಸುಳ್ಳಲ್ಲ. ಆದರೆ ನಿಮ್ಮ ಬಚ್ಚಲುಮನೆಗೆ ಅದು ಅನ್ವಯಿಸುವುದಿಲ್ಲ.

ಶೇ. 80 ಎಂದರೆ ಸುಮಾರು 20 ಪಾಲು ಕರೆಂಟು, 60 ಪಾಲು ಶಾಖ. ಆ 60 ಸಿಗುವುದು ಪ್ಯಾನೆಲಿನೊಳಗೆ ಹರಿಯುವ ನೀರು ಸುತ್ತಲಿನ ಗಾಳಿಯಷ್ಟೇ ತಣ್ಣಗಿದ್ದಾಗ. ನೀರು ಗಾಳಿಗಿಂತ ಬಿಸಿಯಾಗುತ್ತ ಹೋದಂತೆ ಪ್ಯಾನೆಲ್ ತನ್ನ ಶಾಖವನ್ನು ಗಾಳಿಗೇ ಬಿಟ್ಟುಕೊಡುತ್ತದೆ. ಮೇಲೆ ಇನ್ನೊಂದು ಗಾಜಿನ ಹೊದಿಕೆ ಇಲ್ಲದ ಪಿವಿಟಿಯಲ್ಲಿ, ಸಾಧಾರಣ ಗಾಳಿಯಿದ್ದಾಗ, ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಹತ್ತು ವಾಟ್‌ನಷ್ಟು ನಷ್ಟ ಎಂದು ಇಟ್ಟುಕೊಳ್ಳಿ. ಜೋರು ಗಾಳಿ ಬೀಸಿದರೆ ಇನ್ನೂ ಹೆಚ್ಚು. ಸಾಧಾರಣ ಗುಣಮಟ್ಟದ ಪಿವಿಟಿಗೆ ಲೆಕ್ಕ ಹೀಗೆ ಬರುತ್ತದೆ: ಚದರ ಮೀಟರಿಗೆ 1000 ವಾಟ್ ಬಿಸಿಲು ಬೀಳುವ ನಡುಹಗಲಿನಲ್ಲಿ, ನೀರು ಗಾಳಿಯಷ್ಟೇ ಇದ್ದರೆ ಶಾಖದ ದಕ್ಷತೆ ಶೇ. 50, ಹತ್ತು ಡಿಗ್ರಿ ಹೆಚ್ಚಿದ್ದರೆ ಶೇ. 40, ಇಪ್ಪತ್ತೈದು ಡಿಗ್ರಿ ಹೆಚ್ಚಿದ್ದರೆ ಶೇ. 25. ಮೋಡ ಕವಿದು ಬಿಸಿಲು 500 ವಾಟ್‌ಗೆ ಇಳಿದರೆ, ಅದೇ ಇಪ್ಪತ್ತೈದು ಡಿಗ್ರಿ ಹೆಚ್ಚಿನ ನೀರಿಗೆ ಸಿಗುವ ಶಾಖ ಸೊನ್ನೆ. ಬೆಂಗಳೂರಿನ 27 ಡಿಗ್ರಿ ಹಗಲಿನಲ್ಲಿ 52 ಡಿಗ್ರಿಯ ನೀರು ಬೇಕೆಂದರೆ ನೀವು ನಿಂತಿರುವುದು ಈ ಇಪ್ಪತ್ತೈದು ಡಿಗ್ರಿಯ ಲೆಕ್ಕದಲ್ಲಿ.

ಎರಡನೆಯ ಮಾತು, ಕರೆಂಟನ್ನೂ ಶಾಖವನ್ನೂ ಕೂಡಿಸಿ ಒಂದೇ ಅಂಕಿ ಹೇಳುವುದು ಅಕ್ಕಿಯನ್ನೂ ತೌಡನ್ನೂ ಒಟ್ಟಿಗೆ ತೂಗಿದಂತೆ. ಸುತ್ತಲಿನ ಗಾಳಿ 25 ಡಿಗ್ರಿ ಇರುವಾಗ 45 ಡಿಗ್ರಿ ನೀರಿನಲ್ಲಿರುವ ಶಾಖದಿಂದ, ಅತ್ಯುತ್ತಮ ಯಂತ್ರವಿದ್ದರೂ, ಹೆಚ್ಚೆಂದರೆ ಶೇ. 6ರಷ್ಟನ್ನು ಮಾತ್ರ ಕೆಲಸವಾಗಿ ತೆಗೆಯಬಹುದು. ಹೀಟ್ ಪಂಪ್ ಎಂದರೆ ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಯಂತ್ರ. ಒಂದು ಯೂನಿಟ್ ಕರೆಂಟು ಅದರ ಮೂಲಕ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಕಾದ ತಾರಸಿಯ ಮೇಲೆ ಶೇ. 18 ಕೊಡುವ ಸಾಮಾನ್ಯ ಪ್ಯಾನೆಲಿಗೆ ಹೀಟ್ ಪಂಪ್ ಜೋಡಿಸಿದರೆ, ಬಿದ್ದ ಬಿಸಿಲಿನ ಶೇ. 54ರಷ್ಟು ಶಾಖ 55 ಡಿಗ್ರಿ ನೀರಿನ ರೂಪದಲ್ಲಿ ಕೈಗೆ ಬರುತ್ತದೆ. ಪಿವಿಟಿ ಪೈಪೋಟಿ ಮಾಡಬೇಕಾಗಿರುವುದು ಇದರೊಂದಿಗೆ.

ಮಾರಾಟಗಾರರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಶಾಖದ ದಕ್ಷತೆ ಅಳೆಯುವಾಗ ಪ್ಯಾನೆಲಿನಿಂದ ಕರೆಂಟು ತೆಗೆಯುತ್ತಿದ್ದರೋ ಇಲ್ಲವೋ? ತಂತಿ ಜೋಡಿಸದೆ ಬಿಟ್ಟರೆ ಕರೆಂಟಾಗಬೇಕಿದ್ದ ಶಕ್ತಿಯೂ ಶಾಖವಾಗಿ ಶಾಖದ ಅಂಕಿ ಏರುತ್ತದೆ. ಆಮೇಲೆ ಅದಕ್ಕೆ ಕರೆಂಟಿನ ಅಂಕಿಯನ್ನೂ ಕೂಡಿಸಿದರೆ ಒಂದೇ ಶಕ್ತಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸೋಲಾರ್ ಶಾಖ ಸಾಧನಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9806 ಪ್ರಕಾರದ ವರದಿ ಕೇಳಿ, ಅದರಲ್ಲಿ ಈ ಸ್ಥಿತಿ ಬರೆದಿದೆಯೇ ನೋಡಿ.

ನಾಲ್ಕು ಜನರ ಮನೆಗೆ ನಮ್ಮ ಸಲಹೆ ಸ್ಪಷ್ಟ: 200 ಲೀಟರಿನ, ಗಾಜಿನ ಟ್ಯೂಬುಗಳ ಸೋಲಾರ್ ವಾಟರ್ ಹೀಟರ್ ಒಂದು ಮೂಲೆಗಿರಲಿ, ಉಳಿದ ಜಾಗಕ್ಕೆಲ್ಲ ಸಾಮಾನ್ಯ ಪ್ಯಾನೆಲ್ ಹಾಕಿ. ಮೇಲೆ ಗಾಜು ಹೊದಿಸಿದ ಪಿವಿಟಿ ಹೆಚ್ಚು ಬಿಸಿ ನೀರು ಕೊಡುತ್ತದೆ ಎಂಬುದು ನಿಜ. ಆದರೆ ಆ ಗಾಜು ಬೆಳಕನ್ನು ಪ್ರತಿಫಲಿಸಿ ಕರೆಂಟನ್ನು ಶೇ. 8ರಿಂದ 10ರಷ್ಟು ಇಳಿಸುತ್ತದೆ. ನೀವು ಊರಿಗೆ ಹೋಗಿ ನೀರು ಬಳಕೆಯಾಗದೆ ನಿಂತ ದಿನ ಒಳಗಿನ ಬಿಸಿ ನೂರು ಡಿಗ್ರಿ ಮೀರುತ್ತದೆ. ಸೋಲಾರ್ ಸೆಲ್‌ಗಳನ್ನು ಗಾಜಿಗೆ ಅಂಟಿಸಿರುವ ಇವಿಎ ಪದರ ಅಂಥ ಬಿಸಿಗೆ ಹಳದಿಯಾಗುತ್ತದೆ, ಕ್ರಮೇಣ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ನೀರು ಹರಿದು ಪ್ಯಾನೆಲ್ ತಣ್ಣಗಾದರೆ ಕರೆಂಟು ಹೆಚ್ಚು ಬರುತ್ತದೆಂದು ಕೇಳಿದ್ದೇವೆ. ನಿಜವಾಗಿ ಎಷ್ಟು?
— ಕುವೆಂಪುನಗರ, ಮೈಸೂರು

ಉತ್ತರ: 550 ವಾಟ್‌ನ ಒಂದು ಪ್ಯಾನೆಲ್ ತೆಗೆದುಕೊಳ್ಳೋಣ. ಅಳತೆ 2278×1134 ಮಿಲಿಮೀಟರ್, ಅಂದರೆ 2.58 ಚದರ ಮೀಟರ್. ಆ 550 ವಾಟ್ ಬರೆದಿರುವುದು ಸೆಲ್ 25 ಡಿಗ್ರಿ ಇದ್ದಾಗಿನದು. ಗಾಳಿ 30 ಡಿಗ್ರಿ ಇರುವ ಮಧ್ಯಾಹ್ನ ಸೆಲ್ 61 ಡಿಗ್ರಿಯ ಹತ್ತಿರ ಹೋಗುತ್ತದೆ. ಪ್ರತಿ ಡಿಗ್ರಿಗೆ ಶೇ. 0.35 ಕಡಿತವೆಂದರೆ ಉಳಿಯುವುದು ಸುಮಾರು 480 ವಾಟ್. ಹಿಂದೆ ತಣ್ಣೀರು ಹರಿದು ಸೆಲ್ 40 ಡಿಗ್ರಿಗೆ ನಿಂತರೆ 520 ವಾಟ್. ಲಾಭ 40 ವಾಟ್, ಶೇ. 8.

ಈ ಲಾಭ ಸಿಗುವುದು ನೀರು ತಣ್ಣಗಿರುವಷ್ಟು ಹೊತ್ತು ಮಾತ್ರ. ಸೆಲ್ ಯಾವಾಗಲೂ ತನ್ನ ಹಿಂದಿನ ನೀರಿಗಿಂತ ಐದರಿಂದ ಹದಿನೈದು ಡಿಗ್ರಿ ಬಿಸಿ. ಅಂಟಿಸಿದ ಗುಣಮಟ್ಟ ಕೆಟ್ಟದಿದ್ದಷ್ಟೂ ಅಂತರ ಹೆಚ್ಚು. ಟ್ಯಾಂಕಿನ ನೀರು 50 ಡಿಗ್ರಿ ಮುಟ್ಟಿದ ಮೇಲೆ ಸೆಲ್ ಮತ್ತೆ 60ರ ಸುತ್ತಮುತ್ತ. ಆಗ ಪಿವಿಟಿಯ ಕರೆಂಟೂ ಸಾಮಾನ್ಯ ಪ್ಯಾನೆಲಿನದೂ ಒಂದೇ. ಬೆನ್ನಿಗೆ ಥರ್ಮೋಕೋಲ್ ಅಥವಾ ಗ್ಲಾಸ್‌ವುಲ್ ಹೊದಿಕೆ ಇದ್ದು ಪಂಪ್ ನಿಂತುಹೋದರಂತೂ ಸಾಮಾನ್ಯ ಪ್ಯಾನೆಲಿಗಿಂತ ಕಡಿಮೆಯೇ ಬರುತ್ತದೆ. ಪಂಪಿನ ಖರ್ಚನ್ನೂ ಕಳೆಯಬೇಕು. ಎರಡು ಪ್ಯಾನೆಲಿನ ಹೆಚ್ಚುವರಿ 80 ವಾಟ್‌ನಲ್ಲಿ 40 ವಾಟ್‌ನ ಪಂಪ್ ಅರ್ಧವನ್ನು ತಿಂದುಹಾಕುತ್ತದೆ. ಬಿಸಿನೀರಿನ ಉಪಯೋಗವಿಲ್ಲದೆ ಬರೀ ಕರೆಂಟಿಗಾಗಿ ಪಿವಿಟಿ ಹಾಕಿಸುವುದು ವ್ಯರ್ಥ ಖರ್ಚು.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಈಗಿರುವ ಹತ್ತು ಪ್ಯಾನೆಲುಗಳ ಹಿಂದೆ ನಾವೇ ತಾಮ್ರದ ಪೈಪ್ ಕಟ್ಟಿಸಬಹುದೆ? ಇಲ್ಲವೇ ಮೇಲಿನಿಂದ ಬೋರ್‌ವೆಲ್ ನೀರು ಚಿಮುಕಿಸಬಹುದೆ?
— ರಾಯಚೂರು

ಉತ್ತರ: ಎರಡೂ ಬೇಡ.

ದುಂಡನೆಯ ಪೈಪ್ ಚಪ್ಪಟೆ ಬೆನ್ನಿಗೆ ತಾಗುವುದು ಒಂದು ಗೆರೆಯಷ್ಟು ಮಾತ್ರ, ಉಳಿದೆಡೆ ಗಾಳಿಯ ಸಂದು. ಆ ಸಂದಿನಲ್ಲಿ ಶಾಖ ದಾಟುವುದು ತೀರ ಕಡಿಮೆ. ಅದಕ್ಕೆ ಅಲ್ಯುಮಿನಿಯಂ ತಗಡು ಅಂಟಿಸಿದರೆ ಬೇರೆ ತೊಂದರೆ. 50 ಡಿಗ್ರಿ ಏರಿಳಿತಕ್ಕೆ 2.28 ಮೀಟರ್ ಉದ್ದದ ಅಲ್ಯುಮಿನಿಯಂ 2.6 ಮಿಲಿಮೀಟರ್ ಹಿಗ್ಗುತ್ತದೆ, ಗಾಜು ಹಿಗ್ಗುವುದು ಒಂದೇ ಮಿಲಿಮೀಟರ್. ದಿನಾ ನಡೆಯುವ ಈ ಎಳೆದಾಟದಲ್ಲಿ ಅಂಟು ಬಿಡುತ್ತದೆ ಅಥವಾ ಹಿಂದಿನ ಪ್ಲಾಸ್ಟಿಕ್ ಹಾಳೆಯೇ ಕಿತ್ತು ಬರುತ್ತದೆ. ಹಾಳೆಯಲ್ಲಿ ಒಂದು ಗೀರು ಬಿದ್ದರೂ ಸಾಕು, ಮಳೆಗಾಲದಲ್ಲಿ ಕರೆಂಟು ಸೋರಿ ಇನ್ವರ್ಟರ್ ಟ್ರಿಪ್ ಆಗತೊಡಗುತ್ತದೆ. ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದ್ದರೆ ಅಲ್ಲಿರುವುದು ಸುಮಾರು 500 ವೋಲ್ಟ್ ಡಿಸಿ, ಪ್ರಾಣಕ್ಕೆ ಅಪಾಯ. ಪ್ಯಾನೆಲಿನ ಗ್ಯಾರಂಟಿಯೂ ಕೈತಪ್ಪುತ್ತದೆ.

ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕಾದ ಗಾಜಿನ ಮೇಲೆ ಅದು ಆರಿದಾಗಲೆಲ್ಲ ಸುಣ್ಣದ ಬಿಳಿ ಪೊರೆ ಉಳಿಯುತ್ತದೆ. ಅದು ಬಟ್ಟೆಯಿಂದ ಉಜ್ಜಿದರೆ ಹೋಗುವುದಿಲ್ಲ, ಬೆಳಕನ್ನು ತಡೆಯುತ್ತಲೇ ಇರುತ್ತದೆ.

ಬದಲಿಗೆ ಪ್ಯಾನೆಲ್ ಮತ್ತು ತಾರಸಿಯ ನಡುವೆ ಕನಿಷ್ಠ ಅರ್ಧ ಅಡಿ ಗಾಳಿಯಾಡುವ ಜಾಗವಿರಲಿ, ಕೆಳಗಿನ ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಧೂಳನ್ನು ಬೆಳಗಿನ ತಂಪಿನಲ್ಲೇ ತೊಳೆಯಿರಿ. ಮುಂದೆ ಹೊಸದು ಕೊಳ್ಳುವಾಗ ಪ್ಯಾನೆಲಿನ ಮಾಹಿತಿ ಹಾಳೆಯಲ್ಲಿ ಉಷ್ಣತೆಯ ಕಡಿತದ ಅಂಕಿ ನೋಡಿ. ಸೆಲ್ 71 ಡಿಗ್ರಿ ತಲುಪುವ ನಿಮ್ಮ ಬೇಸಿಗೆಯಲ್ಲಿ 0.35ರ ಪ್ಯಾನೆಲ್ ಶೇ. 16 ಕಳೆದುಕೊಳ್ಳುತ್ತದೆ, ಹೊಸ ಬಗೆಯ ಸೆಲ್‌ಗಳಾದ 0.29ರ ಟಾಪ್‌ಕಾನ್ ಶೇ. 13, 0.25ರ ಎಚ್‌ಜೆಟಿ ಶೇ. 11.5. ಒಂದು ಹನಿ ನೀರೂ ಇಲ್ಲದೆ ಸಿಗುವ ಲಾಭ ಇದು.

ಪ್ರಶ್ನೆ: ನಮ್ಮ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ. ಪಿವಿಟಿ ಬಾಳುತ್ತದೆಯೆ?
— ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಬೋರ್‌ವೆಲ್ ನೀರನ್ನು ನೇರ ಹಾಯಿಸಿದರೆ ಬಾಳುವುದಿಲ್ಲ. ಪಿವಿಟಿಯ ಒಳದಾರಿಗಳು ಕಿರಿದು, ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಆಸಿಡ್ ಹಾಕಿ ತೊಳೆದರೆ ಒಳಗಿನ ಅಲ್ಯುಮಿನಿಯಂ ತಿಂದುಹೋಗುತ್ತದೆ. ಪ್ಯಾನೆಲಿಗೂ ಟ್ಯಾಂಕಿನೊಳಗಿನ ಸುರುಳಿಗೂ ನಡುವೆ ಮಾತ್ರ ಸುತ್ತುವ ಮುಚ್ಚಿದ ವ್ಯವಸ್ಥೆ ಮಾಡಿಸಿ. ಅದರಲ್ಲಿ ಖನಿಜ ತೆಗೆದ ನೀರು, ತುಕ್ಕು ತಡೆಯುವ ದ್ರಾವಣ ತುಂಬಿಸಿ. ನಮ್ಮ ರಾಜ್ಯದ ಹವೆಗೆ ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಬೇಕಿಲ್ಲ. ಸುರುಳಿ ದಾಟುವಾಗ ಸುಮಾರು ಐದು ಡಿಗ್ರಿ ಕೈಬಿಡುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಹಿಗ್ಗುವ ನೀರಿಗೆ ಎಕ್ಸ್‌ಪ್ಯಾನ್ಶನ್ ಟ್ಯಾಂಕ್, ಒತ್ತಡ ಬಿಡುವ ವಾಲ್ವ್ ಎರಡೂ ಇರಬೇಕು.

ಪ್ರಶ್ನೆ: 200 ವಿದ್ಯಾರ್ಥಿಗಳ ಹಾಸ್ಟೆಲಿಗೆ ದಿನಕ್ಕೆ 4000 ಲೀಟರ್ ಬಿಸಿನೀರು ಬೇಕು. ಕರೆಂಟ್ ಬಿಲ್ಲೂ ಹೆಚ್ಚು. ಇಲ್ಲಿ ಪಿವಿಟಿ ಸೂಕ್ತವೆ?
— ಧಾರವಾಡ

ಉತ್ತರ: ಪಿವಿಟಿ ತನ್ನ ಯೋಗ್ಯತೆ ತೋರಿಸುವುದು ಇಂಥ ಜಾಗದಲ್ಲೇ, ಷರತ್ತು ಒಂದೇ: ಅದಕ್ಕೆ ಮೊದಲರ್ಧದ ಕೆಲಸ ಮಾತ್ರ ಕೊಡಿ. 22 ಡಿಗ್ರಿಯಿಂದ 38ರ ವರೆಗೆ ಪಿವಿಟಿ ಬಿಸಿ ಮಾಡಲಿ, ಅಲ್ಲಿಂದ 60ಕ್ಕೆ ಹೀಟ್ ಪಂಪ್ ಒಯ್ಯಲಿ.

4000 ಲೀಟರನ್ನು 16 ಡಿಗ್ರಿ ಏರಿಸಲು ಸುಮಾರು 74 ಯೂನಿಟ್ ಶಾಖ ಬೇಕು. ಇಷ್ಟು ತಣ್ಣನೆಯ ನೀರಾದ್ದರಿಂದ ಇಡೀ ದಿನದ ಶಾಖದ ದಕ್ಷತೆ ಶೇ. 35 ಎಂದು ಧೈರ್ಯವಾಗಿ ಹಿಡಿಯಬಹುದು. ಚದರ ಮೀಟರಿಗೆ ದಿನಕ್ಕೆ 5.3 ಯೂನಿಟ್ ಬಿಸಿಲು ಬಿದ್ದರೆ 1.85 ಯೂನಿಟ್ ಶಾಖ, ಅಂದರೆ 40 ಚದರ ಮೀಟರ್, 550 ವಾಟ್‌ನ 16 ಪ್ಯಾನೆಲ್. ಅವು ಕೊಡುವ ಕರೆಂಟು ದಿನಕ್ಕೆ 35 ಯೂನಿಟ್‌ನ ಆಸುಪಾಸು. ಉಳಿದ 22 ಡಿಗ್ರಿಗೆ 102 ಯೂನಿಟ್ ಶಾಖ ಬೇಕು, ಮೂರಕ್ಕೊಂದರ ಲೆಕ್ಕದಲ್ಲಿ ಹೀಟ್ ಪಂಪ್ ಕೇಳುವುದು 34 ಯೂನಿಟ್ ಕರೆಂಟು. ಬಿಸಿಲಿನ ದಿನ ಇಡೀ ಬಿಸಿನೀರಿನ ಖರ್ಚು ಹೆಚ್ಚುಕಡಿಮೆ ಆ 16 ಪ್ಯಾನೆಲಿನಲ್ಲೇ ಮುಗಿಯುತ್ತದೆ. ಜುಲೈ–ಆಗಸ್ಟಿನ ಮೋಡದಲ್ಲಿ ಮುಗಿಯುವುದಿಲ್ಲ, ಆಗ ಹೀಟ್ ಪಂಪ್ ಲೈನಿನ ಕರೆಂಟಿನಿಂದ ಹೆಚ್ಚು ಹೊತ್ತು ಓಡುತ್ತದೆ.

ಕೆಡುವುದು ಎಲ್ಲಿ ಎಂದರೆ ಪೈಪಿನ ಜೋಡಣೆಯಲ್ಲಿ. ಪ್ರತಿ ಪ್ಯಾನೆಲಿಗೆ ನಿಮಿಷಕ್ಕೆ ಎರಡು ಲೀಟರ್ ಹರಿದರೆ ನೀರು ಒಂದು ಸಲಕ್ಕೆ ಏಳು ಡಿಗ್ರಿಯಷ್ಟು ಏರುತ್ತದೆ. ನಾಲ್ಕು ಪ್ಯಾನೆಲುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಕೊನೆಯದಕ್ಕೆ ಸಿಗುವುದು ಆಗಲೇ ಇಪ್ಪತ್ತು ಡಿಗ್ರಿ ಏರಿದ ನೀರು. ಅದರ ಶಾಖವೂ ಕರೆಂಟೂ ಎರಡೂ ಕುಸಿಯುತ್ತವೆ. ಹದಿನಾರನ್ನೂ ಸಮಾನಾಂತರವಾಗಿ ಜೋಡಿಸಿ, ಮೊದಲು ನೀರು ಪಡೆಯುವ ಪ್ಯಾನೆಲಿನ ನೀರು ಕೊನೆಯಲ್ಲಿ ಹಿಂದಿರುಗುವಂತೆ ಪೈಪ್ ಎಳೆಸಿ. ಆಗ ಎಲ್ಲಕ್ಕೂ ದಾರಿಯ ಉದ್ದ ಒಂದೇ ಆಗಿ ಹರಿವು ಸಮನಾಗುತ್ತದೆ. ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ವಾಲ್ವ್ ಇರಲೇಬೇಕು. ಮಧ್ಯಾಹ್ನ ಒಂದೊಂದೇ ಪ್ಯಾನೆಲಿನ ಹೊರಹರಿವಿನ ಪೈಪ್ ಮುಟ್ಟಿ ನೋಡಿ: ಉಳಿದವಕ್ಕಿಂತ ಸುಡುತ್ತಿರುವುದರಲ್ಲಿ ನೀರು ಸರಿಯಾಗಿ ಹರಿಯುತ್ತಿಲ್ಲ, ಬಹುಪಾಲು ಗಾಳಿ ಸಿಕ್ಕಿಕೊಂಡಿರುತ್ತದೆ.

ಪಂಪಿನ ಕಂಟ್ರೋಲರ್, ಪ್ಯಾನೆಲ್ ಟ್ಯಾಂಕಿಗಿಂತ ಏಳು ಡಿಗ್ರಿ ಹೆಚ್ಚಾದಾಗ ಶುರುವಾಗಿ ಮೂರಕ್ಕೆ ಇಳಿದಾಗ ನಿಲ್ಲಲಿ. ರಾತ್ರಿ ನೀರು ಹಿಮ್ಮುಖವಾಗಿ ಹರಿದು ತಣ್ಣಗಾಗದಂತೆ ನಾನ್‌ರಿಟರ್ನ್ ವಾಲ್ವ್ ಹಾಕಿಸಿ.

38 ಡಿಗ್ರಿಯ ಟ್ಯಾಂಕನ್ನೂ 60 ಡಿಗ್ರಿಯ ಟ್ಯಾಂಕನ್ನೂ ಬೇರೆಬೇರೆ ಇಡಿ. ಒಂದೇ ಟ್ಯಾಂಕಿನಲ್ಲಿ ಬೆರೆತರೆ ಪಿವಿಟಿಗೆ ಬಿಸಿನೀರು ಹೋಗಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇನ್ನು, ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಆದ್ದರಿಂದ ಮೊದಲ ಟ್ಯಾಂಕಿನ ನೀರನ್ನು ನೇರ ಷವರಿಗೆ ಕೊಡಬೇಡಿ. ಎರಡನೆಯ ಟ್ಯಾಂಕ್ 60 ಡಿಗ್ರಿಗೆ ಕಾದು ಅಲ್ಲಿಂದಲೇ ಬಚ್ಚಲಿಗೆ ಹೋಗಲಿ. ಮಕ್ಕಳ ಆರೋಗ್ಯದ ಪ್ರಶ್ನೆಯಿದು, ಇಲ್ಲಿ ಉಳಿತಾಯ ನೋಡಬಾರದು.

ಪ್ರಶ್ನೆ: ಸರ್ಕಾರದ ಸಬ್ಸಿಡಿ ಸಿಗುತ್ತದೆಯೆ?
— ಹುಬ್ಬಳ್ಳಿ

ಉತ್ತರ: ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ ಸಿಗುವುದು ಕರೆಂಟಿನ ಕಿಲೋವಾಟ್ ಲೆಕ್ಕದ ನೆರವು, 3 ಕಿಲೋವಾಟ್ ಮತ್ತು ಮೇಲಿನದಕ್ಕೆ ಗರಿಷ್ಠ 78,000 ರೂಪಾಯಿ. ಶಾಖದ ಭಾಗಕ್ಕೆ ಬೇರೆ ಹಣವಿಲ್ಲ. ಭಾರತದಲ್ಲೇ ತಯಾರಾದ ಸೆಲ್‌ಗಳಿರುವ, ಸರ್ಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ಆಗಿರಬೇಕು. ಆಮದು ಪಿವಿಟಿ ಈ ಷರತ್ತಿಗೆ ಸಿಕ್ಕಿಬೀಳುತ್ತದೆ. ಮುಂಗಡ ಕೊಡುವ ಮೊದಲೇ ಮಾದರಿ ಸಂಖ್ಯೆ ಹಿಡಿದು ವಿಚಾರಿಸಿ.

ಪ್ರಶ್ನೆ: ಅಡಿಕೆ ಒಣಗಿಸಲು ಗಾಳಿ ಬಿಸಿ ಮಾಡುವ ಪಿವಿಟಿ ಪ್ರಯೋಜನಕ್ಕೆ ಬರುತ್ತದೆಯೆ?
— ತೀರ್ಥಹಳ್ಳಿ

ಉತ್ತರ: ಸಹಾಯಕವಾಗಿ ಬರುತ್ತದೆ, ಒಲೆಯ ಬದಲಿಗಲ್ಲ. ಪ್ಯಾನೆಲಿನ ಕೆಳಗೆ ಹತ್ತು ಸೆಂಟಿಮೀಟರ್ ಆಳದ ತಗಡಿನ ಕಾಲುವೆ ಮಾಡಿ, ಚದರ ಮೀಟರಿಗೆ ಸೆಕೆಂಡಿಗೆ 20 ಗ್ರಾಂ ಗಾಳಿ ಎಳೆದರೆ ಒಳ್ಳೆಯ ಬಿಸಿಲಿನಲ್ಲಿ 15 ಡಿಗ್ರಿ ಏರಿಕೆ ಸಿಗುತ್ತದೆ. ಹತ್ತು ಚದರ ಮೀಟರಿಗೆ ಗಂಟೆಗೆ 600 ಘನ ಮೀಟರ್ ಎಳೆಯುವ ಫ್ಯಾನ್ ಸಾಕು, ಅದನ್ನು ಅದೇ ಪ್ಯಾನೆಲ್ ನಡೆಸುತ್ತದೆ. ಹದಿನೈದು ಡಿಗ್ರಿ ಸಣ್ಣದೆನಿಸಬಹುದು. ಆದರೆ 25 ಡಿಗ್ರಿಯಲ್ಲಿ ಶೇ. 80 ತೇವವಿರುವ ಮಲೆನಾಡಿನ ಗಾಳಿ 40 ಡಿಗ್ರಿಗೆ ಏರಿದರೆ ಅದರ ಸಾಪೇಕ್ಷ ತೇವ ಶೇ. 34ಕ್ಕೆ ಇಳಿಯುತ್ತದೆ. ಒಣಗಿಸುವ ಶಕ್ತಿ ಇರುವುದು ಆ ಇಳಿಕೆಯಲ್ಲಿ. ಬೇಯಿಸಿದ ಅಡಿಕೆಗೆ ಅಂಗಳದ ಬಿಸಿಲಿಗಿಂತ ಇದು ಮೇಲು, ಧೂಳು ಹತ್ತುವುದಿಲ್ಲ, ಅಕಾಲದ ಮಳೆ ಹನಿ ಬಿದ್ದರೆ ರಾಶಿ ಮುಚ್ಚಲು ಓಡಬೇಕಿಲ್ಲ.

ಗಾಳಿ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಇಲ್ಲವಾದರೆ ಕಣಜ ಗೂಡು ಕಟ್ಟಿ ಹಾದಿ ಮುಚ್ಚುತ್ತದೆ. ಒಣಗಿಸುವ ಕೆಲಸ ಇಲ್ಲದ ತಿಂಗಳುಗಳಲ್ಲಿ ಕಾಲುವೆಯ ಎರಡೂ ತುದಿ ತೆರೆದಿರಲಿ. ಮುಚ್ಚಿದರೆ ಪ್ಯಾನೆಲ್ ಬೇಯುತ್ತದೆ.

ಪ್ರಶ್ನೆ: ಇಲ್ಲಿ ಹೀಟ್ ಪಂಪಿಗೆ ಪಿವಿಟಿ ಜೋಡಿಸುತ್ತಾರೆ. ಚಳಿಗಾಲದಲ್ಲಿ ಶಾಖದ ದಕ್ಷತೆ ಶೇ. 100 ಮೀರುತ್ತದೆ ಎಂದರು. ಅದು ಹೇಗೆ ಸಾಧ್ಯ?
— ಮ್ಯೂನಿಕ್, ಜರ್ಮನಿ

ಉತ್ತರ: ಸಾಧ್ಯ, ಪವಾಡವಲ್ಲ. ಹೀಟ್ ಪಂಪ್ ತನ್ನ ದ್ರವವನ್ನು ಹೊರಗಿನ ಗಾಳಿಗಿಂತಲೂ ತಣ್ಣಗೆ ಮಾಡಿ ಪ್ಯಾನೆಲಿಗೆ ಕಳಿಸುತ್ತದೆ. ಆಗ ಪ್ಯಾನೆಲ್ ಗಾಳಿಗೆ ಶಾಖ ಕಳೆದುಕೊಳ್ಳುವ ಬದಲು ಗಾಳಿಯಿಂದ ಪಡೆಯುತ್ತದೆ, ರಾತ್ರಿಯೂ ಪಡೆಯುತ್ತದೆ. ದಕ್ಷತೆಯನ್ನು ಬಿಸಿಲಿನಿಂದ ಮಾತ್ರ ಭಾಗಿಸುವುದರಿಂದ ಅಂಕಿ ನೂರು ದಾಟುತ್ತದೆ. ಇದಕ್ಕಾಗಿಯೇ ಬೆನ್ನಿಗೆ ರೆಕ್ಕೆಗಳಿರುವ ಪಿವಿಟಿ ಬಂದಿದೆ, ಹಿಂದೆ ಹೊದಿಕೆ ಹಾಕುವುದಿಲ್ಲ. ನೆಲ ಕೊರೆಯುವುದೂ ಬೇಡ, ಹೊರಗೆ ಸದ್ದು ಮಾಡುವ ಫ್ಯಾನೂ ಬೇಡ. ಗಮನಿಸಬೇಕಾದ್ದು ಕಡು ಚಳಿಯ ದಿನಗಳನ್ನು: ದ್ರವ ಸೊನ್ನೆಗಿಂತ ಕೆಳಗಿಳಿದಾಗ ಬೆನ್ನಿನಲ್ಲಿ ಹಿಮ ಕಟ್ಟಿ ಶಾಖ ಬರುವುದು ಕುಗ್ಗುತ್ತದೆ, ಮೇಲೆ ಹಿಮ ಕೂತರೆ ಕರೆಂಟೂ ನಿಲ್ಲುತ್ತದೆ. ದ್ರವ ಯಾವ ಉಷ್ಣತೆಗಿಂತ ಕೆಳಗೆ ಬಂದರೆ ನಿಮ್ಮ ಹೀಟ್ ಪಂಪ್ ನಿಲ್ಲುತ್ತದೆಂದು ಕೇಳಿ ತಿಳಿದು, ಅಂಥ ದಿನಗಳಿಗೆ ಸಾಕಾಗುವ ವಿದ್ಯುತ್ ಹೀಟರ್ ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಎರಡು ಪಿವಿಟಿ ಪ್ಯಾನೆಲ್, 200 ಲೀಟರ್ ಟ್ಯಾಂಕ್ ಹಾಕಿಸಿದ್ದೇವೆ. ನಿಜವಾದ ದಕ್ಷತೆಯನ್ನು ನಾವೇ ಅಳೆಯುವುದು ಹೇಗೆ?
— ತುಮಕೂರು

ಉತ್ತರ: ಬೇಕಾದದ್ದು ಒಂದು ಥರ್ಮಾಮೀಟರ್ ಮತ್ತು ಇನ್ವರ್ಟರಿನ ಮೀಟರ್. ಬೆಳಿಗ್ಗೆ ಟ್ಯಾಂಕಿಗೆಲ್ಲ ತಣ್ಣೀರು ತುಂಬಿಸಿ ಬಿಸಿ ಬರೆದಿಡಿ, ಹಗಲೆಲ್ಲ ನೀರು ಬಳಸಬೇಡಿ, ಬ್ಯಾಕಪ್ ಹೀಟರ್ ಆರಿಸಿಡಿ. ಸಂಜೆ ಐದಕ್ಕೆ ಪಂಪನ್ನು ಐದು ನಿಮಿಷ ಓಡಿಸಿ ನೀರು ಬೆರೆಯಲು ಬಿಟ್ಟು ಮತ್ತೆ ಅಳೆಯಿರಿ. ಲೀಟರ್ × ಏರಿದ ಡಿಗ್ರಿ × 1.163, ಇದನ್ನು ಸಾವಿರದಿಂದ ಭಾಗಿಸಿದರೆ ಯೂನಿಟ್.

ಉದಾಹರಣೆಗೆ 24ರಿಂದ 46 ಡಿಗ್ರಿಗೆ ಬಂದರೆ 5.1 ಯೂನಿಟ್ ಶಾಖ. ಕರೆಂಟು 4.4 ಯೂನಿಟ್ ಎನ್ನೋಣ. ಎರಡು ಪ್ಯಾನೆಲಿನ 5.17 ಚದರ ಮೀಟರ್ ಮೇಲೆ, ಚದರ ಮೀಟರಿಗೆ 5.3 ಯೂನಿಟ್‌ನಂತೆ, ಬಿದ್ದ ಬಿಸಿಲು 27.4 ಯೂನಿಟ್. ಶಾಖ ಶೇ. 19, ಕರೆಂಟು ಶೇ. 16, ಒಟ್ಟು ಶೇ. 35. ಪ್ಯಾನೆಲ್ ಕೆಟ್ಟಿಲ್ಲ. ಮಧ್ಯಾಹ್ನದ ಹೊತ್ತಿಗೇ ಟ್ಯಾಂಕ್ ಬಿಸಿಯಾಗಿ, ಆಮೇಲಿನ ಶಾಖಕ್ಕೆ ಹೋಗಲು ಜಾಗವಿಲ್ಲ. ಇಷ್ಟೇ ನೀರಿಗೆ ಒಂದೇ ಪಿವಿಟಿ ಇದ್ದಿದ್ದರೂ 41–42 ಡಿಗ್ರಿ ಬರುತ್ತಿತ್ತು, ಎರಡನೆಯದು ಕೊಟ್ಟಿರುವುದು ನಾಲ್ಕೈದು ಡಿಗ್ರಿ ಮಾತ್ರ.

ಟ್ಯಾಂಕನ್ನು 400 ಲೀಟರಿಗೆ ಏರಿಸಿದರೆ ದಕ್ಷತೆ ಏರುತ್ತದೆ, ಆದರೆ ಅಷ್ಟು ನೀರು ಮನೆಯಲ್ಲಿ ಖರ್ಚಾಗುವುದಿದ್ದರೆ ಮಾತ್ರ ಏರಿಸಿ. ಇಲ್ಲದಿದ್ದರೆ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಬಿಸಿನೀರನ್ನು ಬೆಳಗಿನ ಬದಲು ಹನ್ನೆರಡರಿಂದ ಎರಡು ಗಂಟೆಯೊಳಗೆ ಟ್ಯಾಂಕಿನಿಂದ ತೆಗೆಯಿರಿ. ಟ್ಯಾಂಕಿಗೆ ಹೊಸ ತಣ್ಣೀರು ಬಂದು ಮಧ್ಯಾಹ್ನದ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಒಂದು ವಾರ ಹೀಗೆ ನಡೆಸಿ, ತೆಗೆದ ಬಿಸಿನೀರಿನ ಲೀಟರನ್ನೂ ಕೂಡಿಸಿಕೊಂಡು ಮತ್ತೆ ಅಳೆಯಿರಿ.